ಬದನೆ ಸಾಲಿನ ಪಕ್ಕ ಒಂದು ಒಣಬಿದಿರು

ಹಿತ್ತಿಲಲ್ಲಿ ಹೊಸದಾಗಿ ತರಕಾರಿ ಬೆಳೆಯಹೊರಟವರು ಬೀಜ, ಗೊಬ್ಬರ, ನೀರಿನ ಲೆಕ್ಕ ಹಾಕುತ್ತಾರೆ. ದಾಂಡೇಲಿ, ಜೋಯಿಡಾ ಕಡೆಯವರಾದರೆ ಮಂಗಗಳದ್ದೂ ಒಂದು ಲೆಕ್ಕ. ಹೂ ಕಾಯಾಗುವುದನ್ನು ಮಾತ್ರ ಗಿಡಕ್ಕೇ ಬಿಟ್ಟುಬಿಡುತ್ತಾರೆ. ಬದನೆಯ ವಿಷಯದಲ್ಲಿ ಇದು ಸಾಲದು.

ಬದನೆ ಹೂವನ್ನು ಹತ್ತಿರದಿಂದ ನೋಡಿ. ನೇರಳೆ ದಳಗಳ ನಡುವೆ ಹಳದಿ ಕೇಸರಗಳು ಒತ್ತಾಗಿ ನಿಂತಿವೆ. ಒಂದೊಂದರ ಪರಾಗಕೋಶವೂ ಮುಚ್ಚಿದ ಕೊಳವೆ, ತುದಿಯಲ್ಲಷ್ಟೇ ಸಣ್ಣ ರಂಧ್ರ. ಮಕರಂದ ಇಲ್ಲವೇ ಇಲ್ಲ. ತುಡುವೆ ಜೇನಿಗಾಗಲಿ ಮಿಸರಿ ಜೇನಿಗಾಗಲಿ ಈ ಕೊಳವೆಯಿಂದ ಪರಾಗ ಉದುರಿಸುವ ವಿದ್ಯೆ ಗೊತ್ತಿಲ್ಲ; ಹೊರಗೆ ಬಿದ್ದದ್ದನ್ನು ಆಯ್ದುಕೊಂಡು ಹೋಗುತ್ತವೆ. ಗಾಳಿಗೆ ಹೂ ಅಲುಗಿದರೂ ಅದರದೇ ಪರಾಗದಿಂದ ಕಾಯಿ ಕಟ್ಟೀತು. ಆದರೆ ಆ ವಿದ್ಯೆ ಬಲ್ಲವರು ಬಂದರೆ ಕಾಯಿಯೂ ಹೆಚ್ಚು, ಗಾತ್ರವೂ ಹೆಚ್ಚು.

ಆ ವಿದ್ಯೆ ಬಲ್ಲವರಲ್ಲಿ ಮುಖ್ಯವಾದದ್ದು ಮರ ಕೊರೆಯುವ ಕಪ್ಪು ದುಂಬಿ. ಹೊಳೆಯುವ ಮೈ, ಬಿಸಿಲಿಗೆ ನೀಲಿ ಮಿನುಗುವ ರೆಕ್ಕೆ. ಇದೂ ಜೇನಿನ ಬಳಗದ್ದೇ, ಆದರೆ ತುಪ್ಪದ ತಟ್ಟಿ ಕಟ್ಟುವುದಿಲ್ಲ. ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಮಡಿಚಿಕೊಂಡು ಮೈ ಅದುರಿಸುತ್ತದೆ. ಜೇನುಗಳ ಹಾರಾಟದ ಮುಖ್ಯ ಸ್ನಾಯುಗಳು ರೆಕ್ಕೆಗೆ ನೇರವಾಗಿ ಅಂಟಿಲ್ಲ. ಅವು ಎದೆಗೂಡನ್ನು ಹಿಂಡಿ ಬಿಡುತ್ತವೆ, ಆ ಚಲನೆಗೆ ರೆಕ್ಕೆ ಬಡಿಯುತ್ತದೆ. ರೆಕ್ಕೆಯನ್ನು ಆ ಚಲನೆಯಿಂದ ಬಿಡಿಸಿಟ್ಟರೆ ಎದೆಯೊಂದೇ ಸೆಕೆಂಡಿಗೆ ನೂರಾರು ಬಾರಿ ಕಂಪಿಸುತ್ತದೆ. ಬೋರಲು ಹಿಡಿದ ಉಪ್ಪಿನ ಡಬ್ಬಿಯನ್ನು ಅಲುಗಿಸಿದಂತೆ ಪರಾಗ ದುಂಬಿಯ ಹೊಟ್ಟೆಯ ಮೇಲೆ ಸುರಿಯುತ್ತದೆ. ಕಿವಿಗೊಟ್ಟರೆ ಹಾರುವಾಗಿನ ದನಿಗಿಂತ ಏರಿದ ಝೇಂಕಾರ ಕೇಳುತ್ತದೆ.

ಟೊಮೆಟೊಗೂ ಈ ಕಂಪನ ಒಳ್ಳೆಯದು. ಯುರೋಪಿನ ಗಾಜಿನಮನೆಗಳಲ್ಲಿ ಟೊಮೆಟೊ ಬೆಳೆಯುವವರು 1980ರ ದಶಕದ ಕೊನೆಯಿಂದ ಈ ಕೆಲಸಕ್ಕೆಂದೇ ಬಂಬಲ್‌ಬೀ ಗೂಡುಗಳನ್ನು ದುಡ್ಡು ಕೊಟ್ಟು ತರುತ್ತಿದ್ದಾರೆ. ನಮ್ಮಲ್ಲಿ ದುಂಬಿ ತಾನಾಗಿಯೇ ಬರುತ್ತದೆ; ಇರಲು ಜಾಗ ಬೇಕು, ಅಷ್ಟೇ.

ಜಾಗವೆಂದರೆ ಒಣಮರ ಅಥವಾ ಒಣಬಿದಿರು. ಹೆಣ್ಣು ದುಂಬಿ ದವಡೆಯಿಂದ ಬೆರಳು ತೂರುವಷ್ಟು ತೂತು ಕೊರೆಯುತ್ತದೆ. ಮರವನ್ನು ತಿನ್ನುವುದಿಲ್ಲ. ಒಳಗೆ ಪರಾಗ, ಮಕರಂದ ಕಲಸಿದ ಉಂಡೆ, ಅದರ ಮೇಲೊಂದು ಮೊಟ್ಟೆ, ಆಮೇಲೆ ಮರದ ಹೊಟ್ಟಿನ ಗೋಡೆ. ಹೀಗೆ ಸಾಲಾಗಿ ಕೋಣೆಗಳು. ಕೀಟಲೋಕದ ಅತಿ ದೊಡ್ಡ ಮೊಟ್ಟೆಗಳಲ್ಲಿ ಇದರದ್ದೂ ಸೇರಿದೆ, ಆದರೆ ಇಡುವುದು ಕೆಲವೇ. ಹಾಗಾಗಿ ಒಂದು ಗೂಡು ಹಾಳಾದರೆ ನಷ್ಟ ದೊಡ್ಡದು. ಮನೆಯ ರೀಪು, ಪಕಾಸು ಕೊರೆದರೆ ಸಿಟ್ಟು ಬರುವುದು ಸಹಜವೇ. ಆದರೂ ತೂತಿಗೆ ಸೀಮೆಎಣ್ಣೆ ಸುರಿಯಬಾರದು. ಗಂಡಿಗೆ ಕೊಂಡಿಯೇ ಇಲ್ಲ, ಹೆಣ್ಣು ಕೈಯಲ್ಲಿ ಹಿಡಿದು ಹಿಂಸಿಸಿದರಷ್ಟೇ ಕಚ್ಚೀತು.

ಬಿದಿರು ಈ ಸೀಮೆಗೆ ಹೊಸದಲ್ಲ. ದಾಂಡೇಲಿಯಲ್ಲಿ 1955ರಲ್ಲಿ ಹುಟ್ಟಿದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಕಾಡಿನ ಬಿದಿರನ್ನೇ ನೆಚ್ಚಿ ಬಂದದ್ದು. ನಿಮಗೆ ಬೇಕಾದದ್ದು ಹಳೆಯ ಚಪ್ಪರ ಕಿತ್ತಾಗ ಉಳಿದ, ಒಳಗೆ ಟೊಳ್ಳಿರುವ ನಾಲ್ಕಾರು ತುಂಡು ಮಾತ್ರ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಿಂದ ಕಡಿದು ತರುವ ಮಾತೇ ಬೇಡ. ತುಂಡುಗಳನ್ನು ಸೂರಿನಡಿ, ಮಳೆ ಎರಚದಂತೆ ಅಡ್ಡಡ್ಡ ಕಟ್ಟಿ.

ಇನ್ನು ಹಿತ್ತಿಲಿನ ನಕ್ಷೆ. ಬದನೆ ಹೂವಿನಲ್ಲಿ ಮಕರಂದವಿಲ್ಲವಾದ್ದರಿಂದ ದುಂಬಿಗೆ ಬೇರೆಡೆ ಊಟ ಸಿಗಬೇಕು. ಬೇಲಿಗೆ ಗ್ಲಿರಿಸಿಡಿಯಾ ನೆಟ್ಟರೆ ಬೇಸಿಗೆಯ ಮೊದಲಿಗೆ ಹೂ, ಮಳೆಗಾಲದಲ್ಲಿ ಸೊಪ್ಪುಗೊಬ್ಬರ. ಅಂಚಿಗೆ ಎರಡು ಸಾಲು ತೊಗರಿ ಇರಲಿ, ಅದರ ಹೂವೂ ದುಂಬಿಗೆ ಇಷ್ಟ. ನಡುವೆ ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳುವ ಜಾಗದಲ್ಲಿ ಬದನೆ, ಎರಡೆರಡು ಅಡಿ ಅಂತರದಲ್ಲಿ. ಮನೆಬಳಕೆಗೆ ಹತ್ತು ಗಿಡ ಧಾರಾಳ. ಕಳೆದ ಸಲ ಟೊಮೆಟೊ, ಬದನೆ ಇಲ್ಲವೇ ಮೆಣಸು ಇದ್ದ ಮಡಿಯಲ್ಲಿ ಈ ಸಲ ಬದನೆ ಬೇಡ. ಮಲೆನಾಡಿನ ಹುಳಿಮಣ್ಣಿನಲ್ಲಿ ಸೊರಗು ರೋಗದ ಬ್ಯಾಕ್ಟೀರಿಯಾ ಕಾದಿರುತ್ತದೆ.

ಕಾಲ ಊರಿನ ಮೇಲೆ ನಿಂತಿದೆ. ಹಳಿಯಾಳ, ಮುಂಡಗೋಡದಲ್ಲಿ ಮಳೆ ಹದವಾಗಿರುವುದರಿಂದ ಜೂನ್‌ನಲ್ಲೇ ಸಸಿ ನೆಡಬಹುದು. ಜೋಯಿಡಾದ ಕ್ಯಾಸಲ್‌ರಾಕ್ ಕಡೆಯ ಜಡಿಮಳೆಯಲ್ಲಿ ದುಂಬಿ ಹಾರುವುದಿಲ್ಲ, ಪರಾಗವೂ ನೆನೆದು ಹಾಳು. ಅಲ್ಲಿ ಸೆಪ್ಟೆಂಬರ್ ಕೊನೆಗೆ ಏರುಮಡಿ ಮಾಡಿ ನೆಟ್ಟರೆ ಹೂ ಬಿಡುವ ಹೊತ್ತಿಗೆ ಆಕಾಶ ತಿಳಿಯಾಗಿರುತ್ತದೆ.

ಕೆಲವು ಹೂ ಹೇಗೂ ಉದುರುತ್ತವೆ. ಶಲಾಕೆ ಗಿಡ್ಡವಾಗಿ ಕೇಸರಗಳ ನಡುವೆ ಹುದುಗಿದ್ದರೆ ಅಂಥ ಹೂ ಸಾಮಾನ್ಯವಾಗಿ ಕಾಯಾಗುವುದಿಲ್ಲ; ಶಲಾಕಾಗ್ರ ಕೇಸರಗಳನ್ನು ದಾಟಿ ಹೊರಗೆ ಇಣುಕುವ ಹೂಗಳೇ ಕಾಯಿ ಕೊಡುವಂಥವು. ಆದ್ದರಿಂದ ನಾಲ್ಕು ಹೂ ಬಿದ್ದವೆಂದು ಔಷಧಿ ಅಂಗಡಿಗೆ ಓಡಬೇಕಿಲ್ಲ. ಕುಡಿ ಬಾಡಿ ಜೋತುಬಿದ್ದರೆ ಒಳಗೆ ಕೊರಕ ಹುಳು ಇದೆ ಎಂದರ್ಥ. ಆ ಕುಡಿಯನ್ನು ಚಿವುಟಿ ಸುಟ್ಟುಬಿಡಿ. ಬೇವಿನೆಣ್ಣೆ ಸಿಂಪಡಿಸಲೇಬೇಕಾದರೆ ದುಂಬಿ ಗೂಡು ಸೇರಿದ ಮೇಲೆ, ಮುಸ್ಸಂಜೆಯಲ್ಲಿ ಸಿಂಪಡಿಸಿ.