ನಿಮ್ಮ ಕೈಯಲ್ಲಿ ಏನಿದೆ?

"ಇದು ನನ್ನ ಕೈಲಾಗಲ್ಲ" ಅಂತ
ಕೊನೇ ಸಲ ಯಾವಾಗ ಅಂದ್ಕೊಂಡ್ರಿ?

ಬೈಬಲ್‌ನಲ್ಲಿ ಒಬ್ಬ ಕುರಿ ಕಾಯುವವನೂ ಹೀಗೇ ಅಂದ.
ಹೆಸರು ಮೋಶೆ. ವಯಸ್ಸು ಸುಮಾರು 80.

ಈಜಿಪ್ಟಿನ ರಾಜನ ಮುಂದೆ ನಿಂತು
ಗುಲಾಮರನ್ನ ಬಿಡಿಸಿಕೊಂಡು ಬಾ ಅಂದ ದೇವರು.
ಮೋಶೆ ನೆಪದ ಮೇಲೆ ನೆಪ ಹೇಳಿದ.
ನಾನ್ಯಾವ ಲೆಕ್ಕ? ಯಾರು ನಂಬ್ತಾರೆ?
ನನಗೆ ಸರಿಯಾಗಿ ಮಾತೇ ಬರಲ್ಲ!

ದೇವರು ಕತ್ತಿ ಕೊಡಲಿಲ್ಲ.
ಅವನ ಕೈಯಲ್ಲಿದ್ದ ಕುರಿ ಕಾಯೋ ಕೋಲನ್ನೇ ತೋರಿಸಿದ.
ಜೊತೆಗೆ ನಾನಿರ್ತೀನಿ ಅಂದ.
ಮಾತಾಡೋಕೆ ಅಣ್ಣ ಆರೋನನನ್ನೂ ಕಳಿಸಿದ.

ಈಗ ಬನ್ನಿ, ಗೌರಿಬಿದನೂರು ಪಕ್ಕದ ವಿದುರಾಶ್ವತ್ಥಕ್ಕೆ.
1938, ಏಪ್ರಿಲ್ 25.
ಸ್ವಾತಂತ್ರ್ಯ ಹೋರಾಟದ ಕಾಂಗ್ರೆಸ್ ಬಾವುಟ ಹಾರಿಸೋಕೆ ನಿಷೇಧ.
ಎದುರಿಗೆ ಪೊಲೀಸರ ಬಂದೂಕು.
ಹಳ್ಳಿ ಜನರ ಹತ್ರ ಇದ್ದದ್ದು ಬಾವುಟ.
ಗುಂಡು ಹಾರಿತು. ಹಲವರು ಪ್ರಾಣ ಕೊಟ್ಟರು.

ಮುಂದಿನ ತಿಂಗಳೇ ಮೈಸೂರು ದಿವಾನ್ ಮಿರ್ಜಾ ಇಸ್ಮಾಯಿಲ್
ಮತ್ತು ಸರ್ದಾರ್ ಪಟೇಲ್ ನಡುವೆ ಮಿರ್ಜಾ–ಪಟೇಲ್ ಒಪ್ಪಂದ.
ಮೈಸೂರು ಸಂಸ್ಥಾನದಲ್ಲಿ ಆ ಬಾವುಟಕ್ಕೆ ಒಪ್ಪಿಗೆ ಸಿಕ್ತು!

ಕುರಿ ಕಾಯೋ ಕೋಲು, ಬಾವುಟದ ಕೋಲು.
ನೋಡೋಕೆ ಎರಡೂ ಬರೀ ಕಟ್ಟಿಗೆ.
ಹಿಡಿದ ಕೈಗೆ ನಂಬಿಕೆ ಇತ್ತು, ಅಷ್ಟೇ.

ಅಳುಕು ಪೂರ್ತಿ ಹೋಗ್ಲಿ ಅಂತ ಕಾಯಬೇಡಿ.
ಮೋಶೆ ಅಳುಕುತ್ತಲೇ ಹೊರಟ.

ಒಂದ್ಸಲ ನಿಮ್ಮ ಕೈ ನೋಡ್ಕೊಳ್ಳಿ.
ಅಲ್ಲಿ ಯಾವ ಕೋಲಿದೆ?