ಲಿನಕ್ಸ್‌ಗೆ ಬಂದ ಹೊಸಬರ ಪಡಿಪಾಟಲು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ನಿರ್ವಹಣೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನದೋ ಅದರ ಮೇಲಿನದೋ ಪ್ರೊಸೆಸರ್ ಬೇಕು. ಮುದನಾಳದಿಂದ ದಿನಾ ಯಾದಗಿರಿಗೆ ಓಡಾಡುವ ಡಿಗ್ರಿ ಹುಡುಗನ ಬ್ಯಾಗಿನಲ್ಲಿರುವುದು ಯಾರೋ ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಅದು ಐದನೆಯದೋ ಆರನೆಯದೋ ತಲೆಮಾರಿನದು. ಇಂಥ ಯಂತ್ರಕ್ಕೆ ಲಿನಕ್ಸ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ, ವೈರಸ್ ಕಾಟ ಕಡಿಮೆ ಎಂದು ಬಲ್ಲವರು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಹಾಕಿಕೊಂಡ ಮೊದಲ ವಾರ ಏನೇನು ಅನುಭವಿಸಬೇಕಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಈ ಅಧ್ಯಾಯ ಅದಕ್ಕಾಗಿ.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ತಿರುಳಿನ (ಕರ್ನೆಲ್) ಹೆಸರು ಲಿನಕ್ಸ್. ಆ ತಿರುಳಿನ ಸುತ್ತ ಬೇರೆ ಬೇರೆಯವರು ಕಟ್ಟಿದ ಪೂರ್ತಿ ವ್ಯವಸ್ಥೆಗಳು ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ ಇತ್ಯಾದಿ. ಮುದನಾಳದಲ್ಲಿ ಆಂಡ್ರಾಯ್ಡ್ ಫೋನ್ ಹಿಡಿದವರೆಲ್ಲ ಆಗಲೇ ಲಿನಕ್ಸ್ ತಿರುಳನ್ನೇ ಬಳಸುತ್ತಿದ್ದಾರೆ, ಯಾರೂ ಗೊಣಗುವುದಿಲ್ಲ. ಫೋನಿನಲ್ಲಿ ಎಲ್ಲವನ್ನೂ ಕಂಪನಿಯೇ ಜೋಡಿಸಿ ಕೊಟ್ಟಿದೆ. ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ ನಮ್ಮ ತಲೆಗೆ ಬಂತು, ಅದೂ ಹಳೆಯ ಪ್ರಿಂಟರ್, ಹಳೆಯ ಫೈಲು, ಹಳೆಯ ಬೆರಳಭ್ಯಾಸ ಎಲ್ಲ ಇಟ್ಟುಕೊಂಡು.

ತರಿಸಿಕೊಳ್ಳುವಲ್ಲೇ ಮೊದಲ ಪೆಟ್ಟು. ಉಬುಂಟು 24.04ರ ಫೈಲು ಸುಮಾರು 6 ಜಿಬಿ, ಲಿನಕ್ಸ್ ಮಿಂಟ್ 22ರದು ಸುಮಾರು 3 ಜಿಬಿ. ದಿನಕ್ಕೆ 1.5 ಜಿಬಿಯ ಪ್ಯಾಕ್ ಹಾಕಿಸಿಕೊಂಡವನಿಗೆ ಮಿಂಟ್ ಕೂಡ ಒಂದು ದಿನದಲ್ಲಿ ಇಳಿಯುವುದಿಲ್ಲ. ಬ್ರೌಸರಿನಲ್ಲಿ ನಡುವೆ ನೆಟ್ ಹೋದರೆ ಮೊದಲಿಂದ ಶುರು ಮಾಡಬೇಕಾಗಬಹುದು. ಟೊರೆಂಟ್‌ನಲ್ಲಿ ಇಳಿಸಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಟೊರೆಂಟ್ ಎಂದರೆ ಕಳ್ಳ ಸಿನಿಮಾ ಎಂದೇ ನಮ್ಮಲ್ಲಿ ನಂಬಿಕೆ, ಇಲ್ಲಿ ಅದು ಪೂರ್ತಿ ಕಾಯ್ದೆಬದ್ಧ ದಾರಿ. ಹಿಂದೆ ಈ ತಾಪತ್ರಯವಿರಲಿಲ್ಲ. ಕೇಳಿದವರ ಮನೆಗೆ ಉಬುಂಟುವಿನವರು ಅಂಚೆಯಲ್ಲಿ ಬಿಟ್ಟಿ ಸಿಡಿ ಕಳಿಸುತ್ತಿದ್ದರು. 2011ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು.

ಹಾಕಿ ಆಯಿತೆನ್ನಿ. ಹುಡುಗ ಮೊದಲು ಹುಡುಕುವುದು ಸಿ ಡ್ರೈವ್, ಡಿ ಡ್ರೈವ್. ಎರಡೂ ಇಲ್ಲ. ಪೇಟೆಯ ಕಂಪ್ಯೂಟರ್ ಅಂಗಡಿಗೆ ಒಯ್ದು, "ಅಣ್ಣಾ, ಇದ್ರಾಗ ಡಿ ಡ್ರೈವ್ ಎಲ್ಲದ?" ಎಂದು ಕೇಳಿದರೆ ಬರುವ ಉತ್ತರ ಹೆಚ್ಚು ಕಡಿಮೆ ಇದೇ: "ಅದೆಲ್ಲ ನಮಗ ಗೊತ್ತಿಲ್ಲ ತಮ್ಮಾ, ಫಾರ್ಮ್ಯಾಟ್ ಹೊಡದು ವಿಂಡೋಸ್ ಹಾಕ್ಕೊಡ್ತೀನಿ ತಗೊ." ಲಿನಕ್ಸ್ ಬಿಟ್ಟವರಲ್ಲಿ ಎಷ್ಟೋ ಮಂದಿ ಬಿಟ್ಟದ್ದು ಈ ಮಾತಿನ ಎದುರಲ್ಲೇ ಎಂದು ನನ್ನ ಅಂದಾಜು. ವಿಂಡೋಸ್ ಕೆಟ್ಟರೆ ಕೇಳಲು ಓಣಿಗೊಬ್ಬ ಸಿಗುತ್ತಾನೆ. ಲಿನಕ್ಸ್ ಕೆಟ್ಟರೆ ಯಾರೂ ಇಲ್ಲ. ಹಾಗಾಗಿ ಸಣ್ಣ ಗಂಟೂ ಬಿಡಿಸಲಾಗದ ಕಗ್ಗಂಟಿನಂತೆ ಕಾಣುತ್ತದೆ.

ಅಂಥ ಸಣ್ಣ ಗಂಟೊಂದನ್ನು ನೋಡಿ. ಧೈರ್ಯವಿಲ್ಲದೆ ಹುಡುಗ ವಿಂಡೋಸನ್ನೂ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕಿಕೊಂಡಿದ್ದಾನೆ. ರಾತ್ರಿ 9 ಗಂಟೆಗೆ ಲಿನಕ್ಸ್ ಮುಚ್ಚಿ ವಿಂಡೋಸ್ ತೆರೆದರೆ ಗಡಿಯಾರ ಮಧ್ಯಾಹ್ನ 3.30 ತೋರಿಸುತ್ತದೆ. ಮತ್ತೆ ಸರಿ ಮಾಡುತ್ತಾನೆ, ಮತ್ತೆ ಹಿಂದೆ ಹೋಗುತ್ತದೆ. ಮದರ್‌ಬೋರ್ಡಿನ ಸೆಲ್ ಸತ್ತಿದೆ ಎಂದು ಹೊಸ ಸೆಲ್ ಹಾಕಿಸಿದರೂ ಅಷ್ಟೇ. ತಪ್ಪು ಸೆಲ್ಲಿನದಲ್ಲ. ಯಂತ್ರದೊಳಗಿನ ಗಡಿಯಾರದಲ್ಲಿ ಊರಿನ ಸಮಯವೇ ಇದೆಯೆಂದು ವಿಂಡೋಸ್ ತಿಳಿಯುತ್ತದೆ. ಲಿನಕ್ಸ್ ಅಲ್ಲಿ ಜಾಗತಿಕ ಸಮಯ ಬರೆದಿಟ್ಟು, ಪರದೆಯ ಮೇಲೆ ತೋರಿಸುವಾಗ ಭಾರತದ ಐದೂವರೆ ತಾಸು ಕೂಡಿಸುತ್ತದೆ. ಇಬ್ಬರೂ ಒಂದೇ ಗಡಿಯಾರಕ್ಕೆ ಕೈ ಹಾಕಿದಾಗ ಆ ಐದೂವರೆ ತಾಸು ನಡುವೆ ಕಳೆದುಹೋಗುತ್ತದೆ. ನೀನೂ ಊರಿನ ಸಮಯವನ್ನೇ ಇಟ್ಟುಕೋ ಎಂದು ಲಿನಕ್ಸ್‌ಗೆ ಟೈಮ್‌ಡೇಟ್‌ಸಿಟಿಎಲ್ ಎಂಬ ಆಜ್ಞೆಯ ಮೂಲಕ ಒಂದು ಸಾಲಿನಲ್ಲಿ ಹೇಳಿದರೆ ಮುಗಿಯಿತು.

ಇನ್ನೊಂದು ತಕರಾರು ಇದರದೇ ತಮ್ಮ. ವಿಂಡೋಸಿನ ಡಿ ಡ್ರೈವ್ ಲಿನಕ್ಸ್‌ನಲ್ಲಿ ಕಾಣುತ್ತದೆ, ಒಳಗಿನ ಫೈಲನ್ನು ಓದಬಹುದು, ಆದರೆ ಏನೂ ಬರೆಯಗೊಡುವುದಿಲ್ಲ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಇದಕ್ಕೆ ಕಾರಣ. ಷಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ದೆಗೆ ಜಾರಿರುತ್ತದೆ. ಅದು ಹಿಡಿದಿಟ್ಟ ಡ್ರೈವಿನಲ್ಲಿ ಬರೆದು ಕೆಡಿಸಬಾರದೆಂದು ಲಿನಕ್ಸ್ ಹಿಂದೆ ಸರಿಯುತ್ತದೆ. ಕಂಟ್ರೋಲ್ ಪ್ಯಾನೆಲಿನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಎದುರಿನ ಗುರುತು ತೆಗೆದುಬಿಡಿ.

ಇನ್ನು ಕಪ್ಪು ಪರದೆ, ಅಂದರೆ ಟರ್ಮಿನಲ್. ಪಾಸ್‌ವರ್ಡ್ ಕೇಳುತ್ತದೆ, ಒತ್ತಿದರೆ ಏನೂ ಕಾಣುವುದಿಲ್ಲ, ಚುಕ್ಕಿಯೂ ಮೂಡುವುದಿಲ್ಲ. ಕೀಬೋರ್ಡ್ ಸತ್ತಿತೆಂದು ಕೈಚೆಲ್ಲುವವರಿದ್ದಾರೆ. ಪಾಸ್‌ವರ್ಡ್ ಎಷ್ಟು ಅಕ್ಷರದ್ದೆಂಬುದೂ ಪಕ್ಕದವರಿಗೆ ತಿಳಿಯದಿರಲಿ ಎಂಬ ಹಳೆಯ ಯುನಿಕ್ಸ್ ಪದ್ಧತಿ ಅದು. ಹೊಸಬರ ಗಾಬರಿ ನೋಡಲಾರದೆ ಮಿಂಟ್‌ನವರು ನಕ್ಷತ್ರ ಚಿಹ್ನೆ ತೋರಿಸುತ್ತಾರೆ. ಕಂಟ್ರೋಲ್-ಸಿ ಒತ್ತಿದರೆ ಇಲ್ಲಿ ನಕಲಾಗುವುದಿಲ್ಲ, ನಡೆಯುತ್ತಿರುವ ಕೆಲಸವೇ ನಿಂತುಹೋಗುತ್ತದೆ. ನಕಲಿಗೆ ಷಿಫ್ಟನ್ನೂ ಜತೆಗೆ ಒತ್ತಬೇಕು. ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಎಂದೇ ಲೆಕ್ಕ.

ನಮ್ಮ ಕಡೆಯ ಕರೆಂಟಿನ ಕಥೆಯನ್ನು ಬೇರೆ ದೇಶದ ಕೈಪಿಡಿಗಳು ಬರೆಯುವುದಿಲ್ಲ. ಉಬುಂಟುವೋ ಮಿಂಟೋ ಅಪ್‌ಡೇಟ್ ಆಗುತ್ತಿದೆ, ಬ್ಯಾಟರಿ ಸತ್ತ ಲ್ಯಾಪ್‌ಟಾಪು, ಲೈನ್ ಹೋಯಿತು. ಮರಳಿ ತೆರೆದಾಗ ಹೊಸ ತಂತ್ರಾಂಶ ಯಾವುದೂ ಕೂಡುವುದಿಲ್ಲ, ತಂತ್ರಾಂಶ ಕೂರಿಸುವ ಡಿಪಿಕೆಜಿ ಅರ್ಧಕ್ಕೆ ನಿಂತಿದೆ ಎಂಬ ಇಂಗ್ಲಿಷ್ ದೂರು ಬರುತ್ತದೆ. ಹಾಳಾಯಿತೆಂದು ಹೆದರಬೇಕಿಲ್ಲ. ಏನು ಬರೆಯಬೇಕೆಂದು ಆ ದೂರಿನಲ್ಲೇ ಅಚ್ಚಾಗಿರುತ್ತದೆ. ಅದನ್ನು ಇದ್ದಂತೆ ಟರ್ಮಿನಲ್ಲಿಗೆ ಇಳಿಸಿದರೆ ಬಿಟ್ಟ ಕೆಲಸವನ್ನು ಪೂರ್ತಿ ಮಾಡಿಕೊಳ್ಳುತ್ತದೆ. ಲಿನಕ್ಸ್‌ನ ದೂರುಗಳು ಒರಟಾಗಿರುತ್ತವೆ, ಆದರೆ ಓದಿದರೆ ಬಹಳ ಸಲ ಮದ್ದನ್ನೂ ಹೇಳುತ್ತವೆ. ಓದದೆ ಮುಚ್ಚುವ ಚಾಳಿ ನಮಗೆ ಹಳೆಯ ಯಂತ್ರಗಳಿಂದ ಬಂದದ್ದು.

ವೈಫೈ ಹತ್ತದಿದ್ದರೆ ಹೆಚ್ಚಾಗಿ ಬ್ರಾಡ್‌ಕಾಮ್, ರಿಯಲ್‌ಟೆಕ್‌ನ ಕೆಲವು ಚಿಪ್ಪುಗಳ ಗೊಡವೆ. ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು. ಫೋನನ್ನು ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿ ಟೆದರಿಂಗ್ ಕೊಟ್ಟರೆ ದಾರಿ ತೆರೆಯುತ್ತದೆ.

ಪ್ರಿಂಟರ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಜೆರಾಕ್ಸ್ ಅಂಗಡಿ, ಡಿಟಿಪಿ ಅಂಗಡಿಗಳ ಮೇಜಿನ ಮೇಲೆ ವರ್ಷಗಟ್ಟಲೆ ದುಡಿದ ಕೆನಾನ್ ಎಲ್‌ಬಿಪಿ 2900 ನಮ್ಮ ಜನಕ್ಕೆ ಚಿರಪರಿಚಿತ. ಗಟ್ಟಿ ಯಂತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುಟದ ಲೆಕ್ಕಾಚಾರ ಅದಕ್ಕೆ ಬಾರದು. ಎಲ್ಲಿ ಎಷ್ಟು ಚುಕ್ಕಿ ಬೀಳಬೇಕೆಂದು ಕಂಪ್ಯೂಟರೇ ಲೆಕ್ಕ ಹಾಕಿ, ಕಂಪನಿಯದೇ ಆದ ಕ್ಯಾಪ್ಟ್ ಎಂಬ ಖಾಸಗಿ ಭಾಷೆಯಲ್ಲಿ ಒಪ್ಪಿಸಬೇಕು. ಕಂಪನಿ ಲಿನಕ್ಸ್‌ಗೆ ಕೊಟ್ಟ ಡ್ರೈವರ್ ಹಳೆಯ 32 ಬಿಟ್ ಕಡತಗಳನ್ನು ನೆಚ್ಚಿಕೊಂಡಿದೆ, ಹೊಸ ವ್ಯವಸ್ಥೆಗಳಲ್ಲಿ ಕೂರಿಸಲು ಹರಸಾಹಸ ಪಡಬೇಕು. ಆ ಭಾಷೆಯನ್ನು ಹೊರಗಿನಿಂದ ಗಮನಿಸಿ ಅರ್ಥ ಮಾಡಿಕೊಂಡು ಬೇರೆ ಡ್ರೈವರ್ ಬರೆದ ಉತ್ಸಾಹಿಗಳೂ ಇದ್ದಾರೆ, ಆದರೆ ಅದು ಹೊಸಬರ ಕೈಗೆಟಕುವ ಕೆಲಸವಲ್ಲ. ಎಚ್‌ಪಿಯ ಬಹಳಷ್ಟು ಪ್ರಿಂಟರುಗಳು ಮಾತ್ರ ಸಿಕ್ಕಿಸಿದ ಕೂಡಲೇ ನಡೆಯುತ್ತವೆ. ಆ ಕಂಪನಿಯೇ ಎಚ್‌ಪಿಲಿಪ್ ಎಂಬ ಮುಕ್ತ ಡ್ರೈವರನ್ನು ಹೊರತಂದಿದೆ. ಹೊಸ ಪ್ರಿಂಟರ್ ಕೊಳ್ಳುವವರು ಇದನ್ನು ವಿಚಾರಿಸಿಯೇ ದುಡ್ಡು ಕೊಡಬೇಕು.

ಎಲ್ಲಕ್ಕಿಂತ ದೊಡ್ಡ ಗೋಳು ಕನ್ನಡದ್ದು, ಅದನ್ನು ಸಾವಕಾಶವಾಗಿ ನೋಡಬೇಕು. ಶಹಾಪುರದ ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿದ ಮದುವೆ ಕಾರ್ಡು, ಸುರಪುರದ ಶಾಲೆಯೊಂದರ ಹಳೆಯ ಪ್ರಶ್ನೆಪತ್ರಿಕೆ, ಪಂಚಾಯಿತಿಯ ಠರಾವು, ಇವೆಲ್ಲ ಬಹುಪಾಲು 'ನುಡಿ' ತಂತ್ರಾಂಶದಲ್ಲೋ 'ಬರಹ' ತಂತ್ರಾಂಶದಲ್ಲೋ ಬರೆದವು. ಅವುಗಳಲ್ಲೊಂದನ್ನು ಲಿನಕ್ಸ್‌ನ ಲಿಬ್ರೆಆಫೀಸಿನಲ್ಲಿ ತೆರೆಯಿರಿ. 'ಕನ್ನಡ' ಎಂದು ಇರಬೇಕಾದ ಕಡೆ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ ಲಿಪಿಯ ಒಂದು ಅಕ್ಷರ, ಆಮೇಲೆ ಕ್ಯೂ, ಹೀಗೆ ವಿಚಿತ್ರ ಮೆರವಣಿಗೆ. ಲಿನಕ್ಸ್‌ಗೆ ಕನ್ನಡ ಬರೋದಿಲ್ಲ ಎಂದು ಹುಡುಗ ಅಲ್ಲೇ ಷರಾ ಬರೆದುಬಿಡುತ್ತಾನೆ.

ನಿಜವಾಗಿ ಆ ಫೈಲಿನಲ್ಲಿ ಕನ್ನಡ ಇದ್ದದ್ದೇ ಇಲ್ಲ. ಅಂದಿನ ಫಾಂಟುಗಳಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ ಸಂಖ್ಯೆಗಳ ಮೇಲೆ ಕನ್ನಡದ ತುಣುಕುಗಳನ್ನು ಚಿತ್ರದಂತೆ ಅಂಟಿಸಿದ್ದರು. ಪಿ ಇರುವ ಜಾಗದಲ್ಲಿ ಕಕಾರದ ಒಡಲು, ಗೀಟಿನ ಎ ಇರುವ ಜಾಗದಲ್ಲಿ ತಲೆಕಟ್ಟು, ಪೌಂಡಿನ ಜಾಗದಲ್ಲಿ ನಕಾರದ ಒಡಲು, ಜರ್ಮನ್ ಅಕ್ಷರದ ಜಾಗದಲ್ಲಿ ನ ಒತ್ತು, ಕ್ಯೂ ಜಾಗದಲ್ಲಿ ಡಕಾರದ ಒಡಲು. ಆ ಫಾಂಟು ಇದ್ದ ಯಂತ್ರದಲ್ಲಿ ಎಲ್ಲ ಸೇರಿ ಕನ್ನಡವಾಗಿ ಕಾಣುತ್ತದೆ, ಫಾಂಟು ಇಲ್ಲದ ಯಂತ್ರದಲ್ಲಿ ಬಣ್ಣ ಬಯಲಾಗುತ್ತದೆ. ಆ ಫಾಂಟಿಲ್ಲದ ವಿಂಡೋಸಿನಲ್ಲಿ ತೆರೆದರೂ ಗತಿ ಇದೇ. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಟ್ಟ ಯುನಿಕೋಡ್ 1991ರಲ್ಲೇ ಬಂದಿತ್ತು. ನಾವು ಅದಕ್ಕೆ ಒಗ್ಗಿಕೊಳ್ಳಲು ದಶಕಗಳೇ ಬೇಕಾದವು, ಅಚ್ಚಿನ ಮನೆಗಳು ಇನ್ನೂ ಪೂರ್ತಿ ಒಗ್ಗಿಲ್ಲ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7, ಅದು ಬಂದದ್ದು 2001ರಲ್ಲಿ. ಅದರೊಳಗೆ ನುಡಿ ಫಾಂಟು ಹಾಕಿ ಪುಟ ಕಟ್ಟುವ ಅಂಗಡಿಗಳು ಇಂದಿಗೂ ಇವೆ.

ಪರಿಹಾರ ಎರಡು ಬಗೆ. ಬರೀ ಓದಿಕೊಳ್ಳಬೇಕಾದರೆ ನುಡಿಯ ಫಾಂಟು ಫೈಲನ್ನು ತಂದು ಲಿನಕ್ಸ್‌ನಲ್ಲಿ ಎರಡು ಸಲ ಒತ್ತಿ ಸೇರಿಸಿಕೊಂಡರೆ ಸಾಕು. ತಿದ್ದಬೇಕು, ಹುಡುಕಬೇಕು ಎಂದರೆ ಪರಿವರ್ತಕದಲ್ಲಿ ಹಾಯಿಸಿ ಯುನಿಕೋಡ್ ಮಾಡಿಕೊಳ್ಳಬೇಕು. ಕನ್ನಡದ ಸ್ವಯಂಸೇವಕರು ಬರೆದ ಮುಕ್ತ ಪರಿವರ್ತಕಗಳಿವೆ. ಹಾಯಿಸಿದ ಮೇಲೆ ಅರ್ಕಾವತ್ತು, ದೀರ್ಘ, ಒತ್ತುಗಳನ್ನು ಕಣ್ಣಾರೆ ನೋಡಬೇಕು. ನಡುವೆ ಇಂಗ್ಲಿಷ್ ಪದವಿದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ಬಗೆದು ಕಲಸುಮೇಲೋಗರ ಮಾಡಿರುತ್ತದೆ. ಜಾತಿ ಪ್ರಮಾಣಪತ್ರದ ನಂಬರು, ಸರ್ವೆ ನಂಬರಿನಲ್ಲಿ ಇಂಗ್ಲಿಷ್ ಅಕ್ಷರವಿರುವ ಕಡೆ ವಿಶೇಷ ಎಚ್ಚರ ಬೇಕು.

ಬೆರಳಿನ ಚಿಂತೆ ಬೇಡ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸ ನುಡಿಯ ಮೂಲಕ ನಾಡಿಗೆಲ್ಲ ಹಬ್ಬಿತು. ಅದೇ ವಿನ್ಯಾಸ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ಎಂಬ ಹೆಸರಿನಲ್ಲೇ ಇದೆ. ಸೆಟ್ಟಿಂಗಿನಲ್ಲಿ ಕನ್ನಡ ಹುಡುಕಿ ಸೇರಿಸಿಕೊಂಡರೆ ಬೇರೆ ತಂತ್ರಾಂಶ ಹಾಕುವ ಗರಜಿಲ್ಲ. ಉಬುಂಟುವಿನಲ್ಲಿ ವಿಂಡೋಸ್ ಗುರುತಿನ ಕೀಲಿಯ ಜತೆ ಸ್ಪೇಸ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳೂ ಉಬುಂಟು, ಡೆಬಿಯನ್‌ಗಳ ಭಂಡಾರದಲ್ಲಿವೆ. ಟರ್ಮಿನಲ್ ಒಂದರಲ್ಲಿ ಮಾತ್ರ ಕನ್ನಡ ಇನ್ನೂ ಮುರಿದು ಕಾಣಬಹುದು. ಅಲ್ಲಿ ಪ್ರತಿ ಅಕ್ಷರಕ್ಕೂ ಸಮ ಅಗಲದ ಚೌಕ, ನಮ್ಮ ಒತ್ತಕ್ಷರಗಳು ಆ ಚೌಕಕ್ಕೆ ಹಿಡಿಸುವುದಿಲ್ಲ. ಕನ್ನಡದಲ್ಲೇ ಓದಿ ತಿಳಿಯಬೇಕೆನ್ನುವವರಿಗೆ ಓಂಶಿವಪ್ರಕಾಶ್ ಅವರ 'ಲಿನಕ್ಸಾಯಣ' ಬರಹಮಾಲೆ ಒಳ್ಳೆಯ ಮೆಟ್ಟಿಲಾಗಿತ್ತು. ಅಂಥವು ಇನ್ನೂ ಹತ್ತಾರು ಬೇಕಿತ್ತು.

ಹಾಗಾದರೆ ಇದು ಎಲ್ಲಿಯಾದರೂ ಸಲೀಸಾಗಿ ನಡೆದಿದೆಯೇ? ಕಾಸರಗೋಡಿಗೆ ಹೋಗಿ ನೋಡಿ. ಕೇರಳ ಸರ್ಕಾರ 2001ರಲ್ಲಿ ಶುರು ಮಾಡಿದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಶಾಲೆಗಳನ್ನು ಪೂರ್ತಿ ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಕಂಪ್ಯೂಟರ್ ಕಲಿಯುವುದು ಲಿನಕ್ಸ್‌ನಲ್ಲೇ. ಆ ಮಕ್ಕಳಿಗೆ ಮರೆಯಬೇಕಾದ ಸಿ ಡ್ರೈವ್ ಇಲ್ಲ, ಇದು ಒಂದು ಅನುಕೂಲ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಇನ್ನೊಂದು: ಶಾಲೆಯಲ್ಲಿ ಇದಕ್ಕೆಂದೇ ತರಬೇತಿ ಪಡೆದ ಒಬ್ಬ ಶಿಕ್ಷಕರು ಐಟಿ ಸಂಯೋಜಕರಾಗಿರುತ್ತಾರೆ. ಅಡಚಣೆಯಾದರೆ ಕೇಳಲು ಪಕ್ಕದಲ್ಲೇ ಜನವಿದೆ. ಯಾದಗಿರಿ ಸೀಮೆಯ ಹುಡುಗನಿಗೆ ಇಲ್ಲದ್ದು ಅದೊಂದೇ. ದುಡ್ಡಿರುವಲ್ಲೂ ಈ ದಾರಿ ನುಣುಪಾಗಿಲ್ಲ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್ ದಾರಿ ಹಿಡಿದು ಹತ್ತು ವರ್ಷದಲ್ಲಿ ಸುಮಾರು 15,000 ಕಂಪ್ಯೂಟರ್‌ಗಳನ್ನು ಬದಲಿಸಿತು, 2017ರಲ್ಲಿ ಮರಳಿ ವಿಂಡೋಸ್‌ಗೆ ಹೋಗಲು ಠರಾವು ಮಾಡಿತು.

ಯಾರು ಬರಬಾರದೆಂಬುದನ್ನೂ ಹೇಳಿಬಿಡುತ್ತೇನೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಡತಿ ಅಂಗಡಿಯವರು, ಕೋರಲ್‌ಡ್ರಾ, ಪೇಜ್‌ಮೇಕರ್ ನೆಚ್ಚಿಕೊಂಡ ಫ್ಲೆಕ್ಸ್ ಮತ್ತು ಅಚ್ಚಿನವರು ಸದ್ಯಕ್ಕೆ ಇದ್ದಲ್ಲೇ ಇರಲಿ. ವೈನ್ ಎಂಬ ತಂತ್ರಾಂಶದಿಂದ ಕೆಲವು ವಿಂಡೋಸ್ ಪ್ರೋಗ್ರಾಮುಗಳು ಲಿನಕ್ಸ್‌ನಲ್ಲಿ ನಡೆಯುತ್ತವೆ ನಿಜ, ಆದರೆ ಸುಗ್ಗಿಯಲ್ಲಿ ತೊಗರಿ ಲಾರಿ ಬಾಗಿಲಿಗೆ ನಿಂತಾಗ ಅದನ್ನು ಪ್ರಯೋಗಿಸುತ್ತ ಕೂರಲಾಗದು. ಓದು, ಬರಹ, ಬ್ರೌಸರ್, ವಿಡಿಯೊ ಪಾಠ, ಪ್ರೋಗ್ರಾಮಿಂಗ್ ಕಲಿಕೆ ಇಷ್ಟೇ ಇರುವ ವಿದ್ಯಾರ್ಥಿ ಧಾರಾಳವಾಗಿ ಬರಬಹುದು.

ಬರುವ ಮುನ್ನ ಪೆನ್‌ಡ್ರೈವಿನಿಂದಲೇ ಲಿನಕ್ಸ್ ತೆರೆದು ನೋಡಿ. ಏನೂ ಅಳಿಸದೆ ಪೂರ್ತಿ ವ್ಯವಸ್ಥೆ ಪರದೆಯ ಮೇಲೆ ಬರುತ್ತದೆ. ವೈಫೈ ಹತ್ತಿತೇ, ಸದ್ದು ಬಂತೇ, ಮನೆಯ ಪ್ರಿಂಟರ್ ಒಂದು ಹಾಳೆ ಹಾಕಿತೇ, ನುಡಿಯ ಒಂದು ಹಳೆಯ ಫೈಲು ತೆರೆಯಿತೇ ಎಂದು ಅಲ್ಲೇ ಪರೀಕ್ಷಿಸಿ. ಆಮೇಲೆ ಇನ್‌ಸ್ಟಾಲ್ ಒತ್ತುವಾಗ ಡಿಸ್ಕ್ ಅಳಿಸಿ ಹಾಕಲೇ ಎಂಬ ಆಯ್ಕೆ ಎದುರಾಗುತ್ತದೆ. ಅಂಗಡಿಯವರು ಫಾರ್ಮ್ಯಾಟ್ ಹೊಡೆದಾಗಲೆಲ್ಲ ಸಿ ಮಾತ್ರ ಹೋಗಿ ಡಿ ಉಳಿಯುವುದನ್ನು ಕಂಡವರು ಇಲ್ಲೂ ಹಾಗೆಯೇ ಎಂದು ನಂಬುತ್ತಾರೆ. ಸಿ, ಡಿ ಎರಡೂ ಒಂದೇ ಡಿಸ್ಕಿನ ಪಾಲುಗಳು. ಆ ಆಯ್ಕೆ ಇಡೀ ಡಿಸ್ಕನ್ನು ಗುಡಿಸುತ್ತದೆ, ಡಿಯಲ್ಲಿಟ್ಟ ಅಕ್ಕನ ಮದುವೆಯ ಫೋಟೋ, ಮಾರ್ಕ್ಸ್ ಕಾರ್ಡಿನ ಸ್ಕ್ಯಾನು ಸೇರಿ. ಬೇಕಾದದ್ದನ್ನೆಲ್ಲ ಬೇರೊಂದು ಪೆನ್‌ಡ್ರೈವಿಗೋ ಹಾರ್ಡ್‌ಡಿಸ್ಕಿಗೋ ಇಳಿಸಿ, ಅದನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿದ ಮೇಲೆಯೇ ಗುಂಡಿ ಒತ್ತಿ.