ಲೆಕ್ಕದ ಕಡತ ಕಿರಿದಾದರೆ ಸಾಲದು, ಓದಲೂ ಬರಬೇಕು

ಚನ್ನಗಿರಿಯ ಅಡಿಕೆ ಮಂಡಿಯಿರಲಿ, ಹೊನ್ನಾಳಿ–ನ್ಯಾಮತಿಯ ಮೆಕ್ಕೆಜೋಳದ ವಹಿವಾಟಿರಲಿ, ಸೂರಗೊಂಡನಕೊಪ್ಪದಂಥ ಗ್ರಾಮದ ಅಂಗಡಿಯಿರಲಿ, ಕಿರ್ದಿ-ಖಾತೆಗಳು ಗಣಕಯಂತ್ರವನ್ನು ಸೇರಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಇಂದು ಬರೆದಿಟ್ಟ ಕಡತವನ್ನು ಆರು ವರ್ಷಗಳ ನಂತರ ತೆರೆದು ಓದಲು ಸಾಧ್ಯವೇ?

ಲೆಕ್ಕದ ವಿವರಗಳನ್ನು ಶೇಖರಿಸಲು ಅಥವಾ ರವಾನಿಸಲು ಬೈಟ್‌ಗಳ ಸಾಲಾಗಿ ಜೋಡಿಸುವ ಕ್ರಮಕ್ಕೆ ಸೀರಿಯಲೈಸೇಶನ್ ಎಂದು ಹೆಸರು. ಇದರಲ್ಲಿ ಎರಡು ಬಗೆ. ಎಕ್ಸ್‌ಎಂಎಲ್, ಜೇಸನ್ ಮುಂತಾದವು ಕಣ್ಣಿನಿಂದ ಓದಬಹುದಾದ ಪಠ್ಯ ರೂಪದವು. ಯಂತ್ರ ಮಾತ್ರ ಓದಬಲ್ಲವು ದ್ವಿಮಾನ, ಅಂದರೆ ಬೈನರಿ ರೂಪದವು.

ಇಂಗ್ಲಿಷಿನ ಒಂದೇ ಅಕ್ಷರದ ಹೆಸರುಳ್ಳ ಅಂಕಣದಲ್ಲಿ 150 ಎಂದು ನಮೂದಿಸಿದ್ದೇವೆ ಎಂದುಕೊಳ್ಳೋಣ. ಎಕ್ಸ್‌ಎಂಎಲ್‌ನಲ್ಲಿ ಇದಕ್ಕೆ 10 ಬೈಟ್, ಜೇಸನ್‌ನಲ್ಲಿ 9 ಬೈಟ್ ಬೇಕು. ಬೈನರಿ ರೂಪಗಳಾದ ಮೆಸೇಜ್‌ಪ್ಯಾಕ್ ಮತ್ತು ಸಿಬಾರ್‌ಗಳಲ್ಲಿ 5 ಬೈಟ್ ಸಾಕು. ಗೂಗಲ್ ಸಂಸ್ಥೆ 2008ರಲ್ಲಿ ಬಹಿರಂಗಪಡಿಸಿದ ಪ್ರೊಟೊಕಾಲ್ ಬಫರ್ಸ್‌ನಲ್ಲಿ ಕೇವಲ 3 ಬೈಟ್.

ಈ ಉಳಿತಾಯಕ್ಕೆ ಬೆಲೆಯಿದೆ. ಮೆಸೇಜ್‌ಪ್ಯಾಕ್ ಮತ್ತು ಸಿಬಾರ್ ಅಂಕಣದ ಹೆಸರನ್ನು ಜೊತೆಯಲ್ಲಿಯೇ ಇಡುತ್ತವೆ. ಪ್ರೊಟೊಕಾಲ್ ಬಫರ್ಸ್ ಅಂಕಣದ ಕ್ರಮಸಂಖ್ಯೆಯನ್ನಷ್ಟೇ ಬರೆಯುತ್ತದೆ; ಹೆಸರು ಮತ್ತು ವಿಧಗಳು ಸ್ಕೀಮಾ ಎಂಬ ಪ್ರತ್ಯೇಕ ಕಡತದಲ್ಲಿರುತ್ತವೆ. ಅದು ಕಳೆದುಹೋದರೆ 150 ಎಂಬುದು ಚೀಲವೋ, ಕ್ವಿಂಟಾಲೋ, ರೂಪಾಯಿಯೋ ತಿಳಿಯದು. ಅಷ್ಟೇ ಅಲ್ಲ, ಅವೇ ಬೈಟ್‌ಗಳನ್ನು ಬೇರೊಂದು ವಿಧದ ಪೂರ್ಣಾಂಕವೆಂದು ಓದಿದರೆ 75 ಎಂದೇ ಬರುತ್ತದೆ! ಅವ್ರೊ ಎಂಬ ರೂಪದ ಕಡತವು ಸ್ಕೀಮಾವನ್ನು ತನ್ನ ತಲೆಭಾಗದಲ್ಲಿಯೇ ಹೊತ್ತಿರುವುದರಿಂದ ಈ ಅಪಾಯ ಅಲ್ಲಿ ಕಡಿಮೆ.

ಹಾಗೆಂದು ಬೈನರಿ ರೂಪವೇ ದೋಷವೆಂದಲ್ಲ. ನಾವು ಬಳಸುವ ಡಿಜಿಟಲ್ ಸಹಿಯ ಪ್ರಮಾಣಪತ್ರವೂ ಬೈನರಿಯೇ. ಆದರೆ ಅದರ ಕ್ರಮ ಬಹಿರಂಗ ಮಾನಕವಾದ್ದರಿಂದ ಯಾವ ತಂತ್ರಾಂಶವಾದರೂ ಅದನ್ನು ಓದಬಲ್ಲದು. 2023ರ ಆಗಸ್ಟ್ 1ರಿಂದ 5 ಕೋಟಿ ರೂ. ಮೀರಿದ ವಹಿವಾಟುದಾರರಿಗೂ ಕಡ್ಡಾಯವಾದ ಇ-ಇನ್‌ವಾಯ್ಸ್‌ಗೆ ಸರ್ಕಾರ ಆರಿಸಿರುವುದು ಜೇಸನ್ ರೂಪವನ್ನು.

ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ, ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಕಾಪಾಡಬೇಕು. 2023-24ನೇ ಸಾಲಿನವು 2030ರ ಡಿಸೆಂಬರ್ ಅಂತ್ಯದವರೆಗೆ ಇರಬೇಕು. ಮೇಲ್ಮನವಿ ಮುಂತಾದವು ಬಾಕಿಯಿದ್ದರೆ ಇನ್ನೂ ಹೆಚ್ಚು ಕಾಲ. ನಿಯಮ 57ರ ಪ್ರಕಾರ, ಕೇಳಿದಾಗ ಕಡತದ ವಿವರ, ಪಾಸ್‌ವರ್ಡ್ ಹಾಗೂ ಬಳಸಿದ ಸಂಕೇತಗಳ ವಿವರಣೆಯನ್ನೂ ಒದಗಿಸಬೇಕು. ತಂತ್ರಾಂಶ ಮಾರಿದವರು ಅಂಗಡಿ ಮುಚ್ಚಿದರೆಂಬ ಸಮಜಾಯಿಷಿ ಈ ಹೊಣೆಯನ್ನು ನೀಗಿಸದು.

ಆದ್ದರಿಂದ ಸದಸ್ಯ ಬಾಂಧವರು ಪ್ರತಿ ಮಾರ್ಚ್ ಅಂತ್ಯದಲ್ಲಿ ತಂತ್ರಾಂಶದ ಸ್ವಂತ ಬ್ಯಾಕಪ್‌ನೊಡನೆ ಎಕ್ಸ್‌ಎಂಎಲ್ ಅಥವಾ ಜೇಸನ್ ಪ್ರತಿಯೊಂದನ್ನೂ, ಅಂಕಣಗಳ ಅರ್ಥ ತಿಳಿಸುವ ಒಂದು ಹಾಳೆಯನ್ನೂ ತೆಗೆದಿಡುವುದು ಒಳಿತು. ನಮ್ಮಲ್ಲಿ ಬಹಳಷ್ಟು ಮಂದಿ ಬಳಸುವ ಬೆಂಗಳೂರಿನ ಟ್ಯಾಲಿಯಲ್ಲಿ ಎಕ್ಸ್‌ಎಂಎಲ್ ಪ್ರತಿ ತೆಗೆಯುವ ಸೌಲಭ್ಯವಿದೆ. ಆ ಪ್ರತಿಯನ್ನು ಬೇರೊಂದು ಗಣಕಯಂತ್ರದಲ್ಲಿ ಒಮ್ಮೆ ತೆರೆದು ಪರೀಕ್ಷಿಸಿರಿ. ಹೊಸ ತಂತ್ರಾಂಶ ಕೊಳ್ಳುವಾಗ ಬೆಲೆ ವಿಚಾರಿಸುವ ಮೊದಲು, ನಮ್ಮ ಲೆಕ್ಕವನ್ನೆಲ್ಲ ಪಠ್ಯ ರೂಪದಲ್ಲಿ ಹೊರತೆಗೆಯಬಹುದೇ ಎಂದು ವಿಚಾರಿಸಿರಿ.